ನಿಂತ ನೀರಿನ ಗಾಳ, ಹರಿಯುವ ನೀರಿನ ಮೀನು

ಕೊಡಗಿನಲ್ಲಿ ನೀರಿಗೆ ನಿಲ್ಲುವ ಅಭ್ಯಾಸ ಕಡಿಮೆ. ಬಯಲುಸೀಮೆಯ ಊರುಗಳಲ್ಲಿ ಕೆರೆ, ಏರಿ, ತೂಬು, ಕೋಡಿ ಎಂದು ನೀರನ್ನು ಹಿಡಿದಿಡುವ ದೊಡ್ಡ ವ್ಯವಸ್ಥೆಯೇ ಇದೆ. ನಮ್ಮಲ್ಲಿ ಬಿದ್ದ ಮಳೆ ಇಳಿಜಾರು ಹಿಡಿದು ತೋಡಿಗೆ, ತೋಡಿನಿಂದ ಹೊಳೆಗೆ, ಪಶ್ಚಿಮದ ಅಂಚನ್ನು ಬಿಟ್ಟರೆ ಹೊಳೆಯಿಂದ ಕಾವೇರಿಗೆ ಓಡಿಹೋಗುತ್ತದೆ. ಸೋಮವಾರಪೇಟೆಯ ಹತ್ತಿರ ದೊಡ್ಡಮಳ್ತೆಯಲ್ಲಿರುವ ಹೊನ್ನಮ್ಮನ ಕೆರೆಯಂತಹ ದೊಡ್ಡ ಕೆರೆ ಈ ಜಿಲ್ಲೆಯಲ್ಲಿ ಅಪರೂಪ. ನೀರು ಬಾರದ ಕೆರೆಗೆ ಹೊನ್ನಮ್ಮ ತನ್ನನ್ನೇ ಅರ್ಪಿಸಿಕೊಂಡಳೆಂಬ ಕಥೆ ಆ ಕೆರೆಗಿದೆ. ಗೌರಿ ಹಬ್ಬದಂದು ಅಲ್ಲಿ ಬಾಗಿನ ಬಿಡುತ್ತಾರೆ. ಹೀಗಿರುವ ನಾಡಿನಲ್ಲಿ ಗಾಳ ಹಿಡಿದು ನಿಂತ ನೀರಿನ ಮುಂದೆ ಕೂರುವುದು ಬಹಳ ಹಳೆಯ ರೂಢಿಯಲ್ಲ. ನಮ್ಮ ಹಿರಿಯರ ಮೀನು ಹೊಳೆಯದು, ತೋಡಿನದು, ಮಳೆಗಾಲದ ಗದ್ದೆಯದು.

ಹಾರಂಗಿ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಆ ಲೆಕ್ಕ ಬದಲಾಯಿತು. ಪುಷ್ಪಗಿರಿಯ ಕಡೆಯಿಂದ ಇಳಿದು ಬರುವ ಹೊಳೆ ಹುದುಗೂರಿನ ಬಳಿ ನಿಂತಿತು. 2,859 ಅಡಿಯ ಗರಿಷ್ಠ ಮಟ್ಟಕ್ಕೆ ನೀರು ಬಂದಾಗ ಅಲ್ಲಿ ಎಂಟೂವರೆ ಟಿಎಂಸಿಯಷ್ಟು ನೀರು ಸಂಗ್ರಹವಾಗಬಲ್ಲದು, ಮತ್ತು ಅದರ ಹಿನ್ನೀರು ಕಾಫಿ ತೋಟಗಳ ಬುಡದವರೆಗೂ ಚಾಚಿಕೊಳ್ಳುತ್ತದೆ. ಆಮೇಲೆ ನಂಜರಾಯಪಟ್ಟಣದ ಕಡೆ ಚಿಕ್ಲಿಹೊಳೆ ಬಂತು. ಅದರ ಸಾಮರ್ಥ್ಯ 0.18 ಟಿಎಂಸಿ ಮಾತ್ರ. ಆದರೆ ತುಂಬಿದಾಗ ಅರ್ಧವೃತ್ತದ ಕೋಡಿಯಿಂದ ನೀರು ಒಳಕ್ಕೆ ಸುರಿಯುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಇವೆರಡರ ಜೊತೆಗೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಮೂರನೆಯದು ತೋಟದ ಕೆರೆ. ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಹೂಮಳೆ ಸರಿಯಾದ ಹೊತ್ತಿಗೆ ಬಾರದೆ ಹೋದರೆ ಸ್ಪ್ರಿಂಕ್ಲರ್ ಹಾಯಿಸಬೇಕಾಗುತ್ತದೆ. ಅದಕ್ಕೆಂದು ತೋಟಗಳ ತಗ್ಗಿನಲ್ಲಿ ತೋಡಿಸಿದ ಕೆರೆಗಳು ಇಂದು ಊರೂರಿಗೂ ಇವೆ, ಮತ್ತು ಹೆಚ್ಚಿನವುಗಳಲ್ಲಿ ಯಾರಾದರೊಬ್ಬರು ಮೀನು ಮರಿ ಬಿಟ್ಟಿರುತ್ತಾರೆ.

ಗಾಳದ ಹವ್ಯಾಸವಿರುವ ನಮಗೆ ಈ ನೀರುಗಳೆಲ್ಲ ಒಂದೇ ರೀತಿಯವೆಂದು ತೋರುವುದು ಸಹಜ. ಅವು ಒಂದೇ ರೀತಿಯವಲ್ಲ. ನಿಂತ ನೀರಿನ ಮೀನಿಗೂ ಹರಿಯುವ ನೀರಿನ ಮೀನಿಗೂ ಹುಟ್ಟಿನಲ್ಲಿಯೇ ವ್ಯತ್ಯಾಸವಿದೆ, ಆ ವ್ಯತ್ಯಾಸವನ್ನು ತಿಳಿದವನು ಎರಡು ಕಡೆ ಒಂದೇ ರೀತಿ ನಡೆದುಕೊಳ್ಳಲಾರ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಾರಿಗೆ ಬೇಕಾದ ಮೀನನ್ನು ಕೆರೆಯಿಂದ, ಹಿನ್ನೀರಿನಿಂದ ಹಿಡಿಯೋಣ, ಹೊಳೆಯ ಮೀನನ್ನು, ಅದರಲ್ಲಿಯೂ ಹೊಸ ನೀರಿಗೆ ಮೇಲೇರುವ ಮೀನನ್ನು, ಬಿಟ್ಟುಬಿಡೋಣ.

ಹಿನ್ನೀರಿನಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲದಲ್ಲಿ ಕಾವೇರಿಯ ಮೀನುಗಳಲ್ಲ; ಗಂಗೆಯ ಬಯಲಿನಿಂದ ಬಂದವು. ಇವುಗಳ ಸ್ವಭಾವ ವಿಚಿತ್ರವಾದದ್ದು. ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಹೊಟ್ಟೆಯಲ್ಲಿ ಮೊಟ್ಟೆಯನ್ನೂ ತುಂಬಿಕೊಳ್ಳುತ್ತವೆ, ಆದರೆ ಹರಿಯುವ ಪ್ರವಾಹದ ನೀರು ಸಿಗದೆ ಮೊಟ್ಟೆಯಿಡುವುದಿಲ್ಲ. ಆದ್ದರಿಂದ ಒಂದು ಕಾಲದಲ್ಲಿ ಇವುಗಳ ಮರಿ ಬೇಕೆಂದರೆ ಉತ್ತರದ ನದಿಗಳಲ್ಲಿ ಮಳೆಗಾಲದಲ್ಲಿ ಬಲೆಯೊಡ್ಡಿ ಸೋಸಿ ತರಬೇಕಾಗಿತ್ತು. ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು 1957ರ ಜುಲೈ 10ರಂದು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಿನಂತೆ ಕೊಟ್ಟು ಈ ಜಾತಿಯ ಮೀನುಗಳು ನಿಂತ ನೀರಿನಲ್ಲಿಯೂ ಮೊಟ್ಟೆಯಿಡುವಂತೆ ಮಾಡಿದರು. ದೇಶದಲ್ಲಿ ಆ ದಿನವನ್ನು ಇಂದಿಗೂ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ನಮ್ಮ ಜಲಾಶಯಕ್ಕೆ, ತೋಟದ ಕೆರೆಗೆ ಪಾಲಿಥಿನ್ ಚೀಲದಲ್ಲಿ ಆಮ್ಲಜನಕ ತುಂಬಿಕೊಂಡು ಬರುವ ಬಿತ್ತನೆ ಮರಿಗಳೆಲ್ಲ ಆ ಪ್ರಯೋಗದ ಫಲ. ಇವುಗಳನ್ನು ಹಿಡಿದರೆ ಮತ್ತೆ ಹೊಸ ಮರಿ ಬಿಡಬಹುದು. ಬಿತ್ತಿದ್ದನ್ನು ಕೊಯ್ದಂತೆ ಅದು.

ಸಾಮಾನ್ಯ ಗೆಂಡೆಯ ವಿಷಯ ಬೇರೆ. ಅದು 1939ರಲ್ಲಿ ಊಟಿಗೆ ಬಂದು, 1957ರಲ್ಲಿ ಬ್ಯಾಂಕಾಕ್‌ನಿಂದ ಮತ್ತೊಂದು ತಳಿಯಾಗಿ ಬಂದು, ದೇಶದ ತುಂಬ ಹರಡಿದ ಮೀನು. ನಿಂತ ನೀರಿನಲ್ಲಿಯೇ ಜೊಂಡು, ಪಾಚಿ, ಮುಳುಗಿದ ಹುಲ್ಲಿಗೆ ಅಂಟುವ ಮೊಟ್ಟೆಯಿಟ್ಟು ತಾನೇ ಹೆಚ್ಚಿಕೊಳ್ಳುತ್ತದೆ. ಜಿಲೇಬಿ ಮೀನು, ಎಂದರೆ ತಿಲಾಪಿಯಾ, ಇನ್ನೂ ಒಂದು ಹೆಜ್ಜೆ ಮುಂದೆ: 1952ರಲ್ಲಿ ಆಫ್ರಿಕಾ ಮೂಲದಿಂದ ಬಂದ ಈ ಮೀನು ಮೊಟ್ಟೆಯನ್ನು, ಆಮೇಲೆ ಮರಿಯನ್ನು ಬಾಯಲ್ಲಿಟ್ಟುಕೊಂಡು ಕಾಯುವುದರಿಂದ ಅದರ ಸಂತತಿಗೆ ಸೋಲೆಂಬುದಿಲ್ಲ. ಇವೆರಡನ್ನು ಎಷ್ಟು ಹಿಡಿದರೂ ನಮ್ಮ ನೀರಿಗೆ ನಷ್ಟವಿಲ್ಲವೆಂದು ನಾನು ನಂಬುತ್ತೇನೆ. ಹಿಡಿದ ಜಿಲೇಬಿಯನ್ನು ಕನಿಕರದಿಂದ ಹತ್ತಿರದ ತೋಡಿಗೆ ಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬಾರದು.

ಇನ್ನು ಗಾಳದ ಮಾತು. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಯ ಮೂಲಕವೋ ಪರವಾನಗಿಯ ಮೂಲಕವೋ ಕೊಡುತ್ತದೆ. ಆದ್ದರಿಂದ ಕೋಲು ಹೆಗಲಿಗೇರಿಸುವ ಮೊದಲು ಇಲಾಖೆಯ ಕಚೇರಿಯಲ್ಲಿ, ಅಲ್ಲಿ ಬಲೆ ಹಾಕುವ ಮೀನುಗಾರರಲ್ಲಿ ಕೇಳಿಕೊಳ್ಳುವುದು ಸರಿಯಾದ ಕ್ರಮ. ತೆಪ್ಪದಲ್ಲಿ ಹೋಗಿ ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುವ ಅವರಿಗೆ ಅದು ಜೀವನ. ನಮಗೆ ಬಿಡುವಿನ ಸಂತೋಷ. ಅವರ ಬಲೆಯ ಗುರುತಿನ ಬೆಂಡುಗಳಿಂದ ದೂರ ಕೂರುವುದು, ಅವರು ತೋರಿಸಿದ ದಡದಲ್ಲಿ ಕೂರುವುದು ಕನಿಷ್ಠ ಸೌಜನ್ಯ. ಅಣೆಕಟ್ಟಿನ ಹತ್ತಿರ ಹೋಗಬಾರದೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಹಿನ್ನೀರಿನಲ್ಲಿ ಎಲ್ಲಿ ಕೂರಬೇಕೆಂಬುದನ್ನು ಕಲಿಯಬೇಕಾದದ್ದು ನೀರು ಇಲ್ಲದ ಕಾಲದಲ್ಲಿ. ಏಪ್ರಿಲ್-ಮೇ ಹೊತ್ತಿಗೆ ಹಾರಂಗಿಯ ನೀರು ಇಳಿದು, ಮುಳುಗಿದ್ದ ನೆಲ ಬಿಸಿಲಿಗೆ ಬಿರಿದು ಹೊರಬರುತ್ತದೆ. ಆಗ ಅಲ್ಲಿ ನಡೆದು ನೋಡಿದರೆ ಹಳೆಯ ಗದ್ದೆಯ ಬದುಗಳು, ಮರದ ಬೊಡ್ಡೆಗಳು, ಒಂದು ಕಾಲದ ತೋಡಿನ ಪಾತ್ರ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆ ತೋಡಿನ ಪಾತ್ರವೇ ಮುಂದೆ ನೀರು ತುಂಬಿದಾಗ ಮೀನಿನ ದಾರಿ. ಬೊಡ್ಡೆಗಳ ಸುತ್ತ ಪಾಚಿ, ಹುಳು, ನೆರಳು ಇರುವುದರಿಂದ ಅದೇ ಮೀನು ಮೇಯುವ ಜಾಗ. ಮೇ ತಿಂಗಳಲ್ಲಿ ನೋಡಿಟ್ಟುಕೊಂಡ ಬದುವೊಂದರ ಅಂಚಿಗೆ, ದಡದ ಮೇಲಿನ ಮರವೊಂದನ್ನು ಗುರುತಾಗಿಟ್ಟುಕೊಂಡು, ಡಿಸೆಂಬರಿನಲ್ಲಿ ಗಾಳ ಬಿಡುವುದು ನನಗೆ ಬಹಳ ಇಷ್ಟವಾದ ಕೆಲಸ. ಹೀಗೆ ಒಣನೆಲದ ನೆನಪಿನಿಂದ ನೀರನ್ನು ಓದುವುದನ್ನು ನನಗೆ ಕಲಿಸಿದವರು ನಮ್ಮ ಚಿಕ್ಕಪ್ಪ. ಇಳಿದ ನೀರಿನ ಅಂಚಿನಲ್ಲಿ ನಡೆಯುವಾಗ ಮಾತ್ರ ಎಚ್ಚರ ಬೇಕು. ಮೇಲೆ ಒಣಗಿದಂತೆ ಕಾಣುವ ಹೂಳು ಒಳಗೆ ಸೊಂಟದವರೆಗೂ ಕೆಸರಾಗಿರುವುದುಂಟು, ಒಬ್ಬರೇ ಹೋಗಿ ಸಿಕ್ಕಿಕೊಂಡರೆ ಕೂಗಿದರೂ ಕೇಳುವವರಿರುವುದಿಲ್ಲ.

ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ ಮೇಯುತ್ತವೆ. ಇದನ್ನು ತಿಳಿದರೆ ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬುದು ತಾನಾಗಿ ತಿಳಿಯುತ್ತದೆ. ಗೆಂಡೆಗೆ ಎರೆಹುಳು ಸಾಕು. ಅದು ಬೆಂಡನ್ನು ಥಟ್ಟನೆ ಎಳೆಯುವುದಿಲ್ಲ; ಬಾಯಿಂದ ಹೀರಿ ಉಗುಳಿ ಮತ್ತೆ ಹೀರುವುದರಿಂದ ಬೆಂಡು ಮೊದಲು ನಡುಗಿ, ಸ್ವಲ್ಪ ಮೇಲೆದ್ದು, ಆಮೇಲೆ ಓರೆಯಾಗಿ ಸರಿಯುತ್ತದೆ, ಎಳೆಯಬೇಕಾದದ್ದು ಆ ಸರಿಯುವ ಹೊತ್ತಿನಲ್ಲಿ. ಕಾಟ್ಲಾಕ್ಕೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಕಲಸಿ ಉಂಡೆ ಮಾಡಿ, ಅದರ ಸುತ್ತ ಸಣ್ಣ ಗಾಳಗಳನ್ನು ಹುದುಗಿಸಿ ಬಿಡುತ್ತಾರೆ. ಉಂಡೆ ನಿಧಾನವಾಗಿ ಕರಗುತ್ತ ನೀರಿನಲ್ಲಿ ಮೋಡದಂತೆ ಹರಡಿದಾಗ ಅದನ್ನು ಹೀರಲು ಬರುವ ಮೀನಿನ ಬಾಯಿಗೆ ಗಾಳ ಸೇರುತ್ತದೆ. ಜೊಂಡಿನ ಅಂಚಿನಲ್ಲಿರುವ ಕೊರವ ಮೀನಿಗೆ ಜೀವವಿರುವ ಸಣ್ಣ ಮೀನೇ ಆಗಬೇಕು. ಕೊರವ ಗಾಳಿಯನ್ನೂ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಗುಳುಕ್ ಎನಿಸಿ ಹೋಗುವುದರಿಂದ ಇರುವ ಜಾಗವನ್ನು ತಾನೇ ಹೇಳಿಕೊಡುತ್ತದೆ. ಆದರೆ ನೀರಿನ ಮೇಲೆ ಕೆಂಪುಛಾಯೆಯ ಸಣ್ಣ ಮರಿಗಳ ಗುಂಪೊಂದು ಚುಕ್ಕಿಚುಕ್ಕಿಯಾಗಿ ಏಳುತ್ತಿದ್ದರೆ ಅದರ ಕೆಳಗೆ ಮರಿ ಕಾಯುವ ತಾಯ್ತಂದೆಯರು ಇರುತ್ತವೆಂದು ತಿಳಿದು ಗಾಳವನ್ನು ಬೇರೆಡೆಗೆ ಒಯ್ಯಬೇಕು. ಕಾವಲಿಗಿದ್ದ ಮೀನನ್ನು ಹಿಡಿದರೆ ಆ ಇಡೀ ಗುಂಪು ಜಿಲೇಬಿಗಳ ಹೊಟ್ಟೆ ಸೇರುತ್ತದೆ.

ಬಿದಿರು ಕೋಲಿಗೆ ತಂಗೂಸಿ, ಎಂದರೆ ನೈಲಾನ್ ದಾರ, ಕಟ್ಟಿಕೊಂಡು ಕೂರುವವರು, ಆಮದಿನ ರಾಡು-ರೀಲು ಹಿಡಿದು ಬರುವವರು, ಇಬ್ಬರೂ ಈಗ ಹಿನ್ನೀರಿನಲ್ಲಿ ಕಾಣಸಿಗುತ್ತಾರೆ. ಮೀನಿಗೆ ಆ ಭೇದವಿಲ್ಲ. ಒಂದು ಮಾತನ್ನು ಮಾತ್ರ ಇಬ್ಬರಿಗೂ ಹೇಳುತ್ತೇನೆ: ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಟ್ಟು ಬರಬೇಡಿ. ಅದು ಕೊಳೆಯುವುದಿಲ್ಲ, ನೀರುಕಾಗೆಯ ಕಾಲಿಗೂ ಆಮೆಯ ಕುತ್ತಿಗೆಗೂ ಸುತ್ತಿಕೊಳ್ಳುತ್ತದೆ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ತೋಡು ಕೆಂಪಾಗಿ ಬಂದು ಹಿನ್ನೀರನ್ನು ಸೇರುವ ಬಾಯಲ್ಲಿ ಮೀನು ಒಟ್ಟಾಗುತ್ತದೆ. ಹ್ಯಾಚರಿಯಲ್ಲಿ ಹುಟ್ಟಿದ ಮೀನಿಗೂ ಹೊಸ ನೀರಿನ ಹರಿವು ತಾಗಿದೊಡನೆ ಮೇಲೇರುವ ಆಸೆ ಹುಟ್ಟುವುದನ್ನು ನೋಡಿದರೆ ನನಗೆ ಪ್ರತಿ ಸಲವೂ ಬೆರಗಾಗುತ್ತದೆ. ಹಿಡಿಯುವವನಿಗೆ ಅದಕ್ಕಿಂತ ಸುಲಭದ ದಿನ ಬೇರಿಲ್ಲ, ಮತ್ತು ನಾನು ಗಾಳವನ್ನು ಮನೆಯಲ್ಲಿಡುವ ದಿನ ಅದೇ. ಏಕೆಂದರೆ ಆ ಬಾಯಲ್ಲಿ ನೆರೆಯುವುದು ಕಾಟ್ಲಾ, ರೋಹು ಮಾತ್ರವಲ್ಲ. ಹೊಳೆಯ ಸ್ವಂತ ಮೀನುಗಳೂ ಅದೇ ದಾರಿಯಲ್ಲಿ ಹೋಗಬೇಕು. ಮಲೆನಾಡಿನವರು ಹತ್ತುಮೀನು ಎನ್ನುವುದು ಇವನ್ನೇ. ಮೊಟ್ಟೆ ತುಂಬಿದ ಹೊಟ್ಟೆಯನ್ನು ಹೊತ್ತು, ಗೇಣುದ್ದದ ನೀರಿನಲ್ಲಿಯೂ ಮೈಯೊರಗಿಸಿ ಏರಿ, ಗದ್ದೆಯ ಬದು ದಾಟಿ ಹೋಗುವ ಇವುಗಳನ್ನು ಟಾರ್ಚ್ ಬೆಳಕಿನಲ್ಲಿ ಕತ್ತಿಯಿಂದ ಕಡಿಯುವುದು, ತೋಡಿಗೆ ಅಡ್ಡಲಾಗಿ ಕೂಳಿ ಎಂಬ ಬಿದಿರಿನ ಬುಟ್ಟಿಯಿಟ್ಟು ದಾರಿಯನ್ನೇ ಮುಚ್ಚುವುದು ಎಷ್ಟೋ ಕಡೆ ಇನ್ನೂ ನಡೆದಿದೆ.

ಇಲ್ಲಿ ಎಚ್ಚರದಿಂದ ಮಾತನಾಡಬೇಕೆಂಬುದು ನನಗೆ ಗೊತ್ತು. ಯರವರು, ಜೇನುಕುರುಬರು ಮಳೆಗಾಲದಲ್ಲಿ ತೋಡಿನ ಏಡಿಯನ್ನು, ಗದ್ದೆಯ ಸಣ್ಣ ಮೀನನ್ನು ಹಿಡಿದು ತಿನ್ನುವುದು ಈ ನೆಲದ ಬಹಳ ಹಳೆಯ ಆಹಾರ ಕ್ರಮ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕೂಲಿಯಿಲ್ಲದ ದಿನ ಒಂದು ಕುಟುಂಬ ಕೈಯಿಂದ, ಪುಟ್ಟ ಬುಟ್ಟಿಯಿಂದ ಹಿಡಿಯುವ ಒಂದು ಹೊತ್ತಿನ ಮೀನು ಯಾವ ಹೊಳೆಯನ್ನೂ ಬರಿದು ಮಾಡಿಲ್ಲ. ನಾನು ಬಿಡಿ ಎನ್ನುತ್ತಿರುವುದು ಮನೆಯಲ್ಲಿ ಬೇರೆ ಊಟವಿರುವ ನಮ್ಮಂಥವರಿಗೆ. ಜೀಪಿನಲ್ಲಿ ಬಂದು ಚೀಲಗಟ್ಟಲೆ ಕಡಿದು ಹಂಚಿಕೊಂಡು, ಫೋಟೊ ತೆಗೆಸಿಕೊಳ್ಳುವವರಿಗೆ.

ಹೊಳೆಯ ಮೀನಿನಲ್ಲಿ ಮಹಶೀರ್ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲ ಬಳಿ ಭಕ್ತರು ಹಾಕುವ ಪುರಿಗೆ ಮುತ್ತಿಕೊಳ್ಳುವ, ಯಾರೂ ಮುಟ್ಟದ ದೇವರ ಮೀನು ಇದೇ ಕುಲದ್ದು. ಅಂಗೈಯಗಲದವರೆಗೂ ಬೆಳೆಯುವ ಹುರುಪೆ, ತುಟಿಯ ಬಳಿ ನಾಲ್ಕು ಮೀಸೆ, ಗಂಟಲಿನಲ್ಲಿ ಏಡಿಯ ಚಿಪ್ಪನ್ನೂ ಪುಡಿಮಾಡುವ ಹಲ್ಲು. ಕಾವೇರಿ ತೀರದಲ್ಲಿ ಇದಕ್ಕೆ ಹಾಕುತ್ತಿದ್ದ ಆಹಾರ ನಮ್ಮ ಊಟವೇ ಆದ ರಾಗಿ: ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿಯ ಉಂಡೆ. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ 120 ಪೌಂಡ್, ಎಂದರೆ ಸುಮಾರು 54 ಕಿಲೋ, ತೂಕದ ಮಹಶೀರ್ ಗಾಳದವರ ನಡುವೆ ಇಂದಿಗೂ ದಾಖಲೆಯಾಗಿ ಉಳಿದಿದೆ. ಅಂತಹ ಮೀನನ್ನು ಸಾಕಿದ್ದು ಕಾವೇರಿಯ ಜಲಾನಯನ. ಅದರ ತಲೆ ಇರುವುದು ನಮ್ಮ ಬೆಟ್ಟಗಳಲ್ಲಿ.

ಆ ದೈತ್ಯ ಮೀನು ಗೂನುಬೆನ್ನಿನ ಮಹಶೀರ್, ರೆಕ್ಕೆಗೆ ಕಿತ್ತಳೆ ಛಾಯೆ. ಕಾವೇರಿ ಜಲಾನಯನ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಜಾತಿ. ಗಾಳದವರೆಲ್ಲ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬಲ್ಲ ಈ ಮೀನಿಗೆ ವಿಜ್ಞಾನದಲ್ಲಿ ಟೋರ್ ರೆಮಾದೇವಿಯೈ ಎಂಬ ಹೆಸರು ಖಚಿತವಾದದ್ದು 2018ರಲ್ಲಿ, ಮತ್ತು ಅದೇ ವರ್ಷ ಅದು ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಇಲ್ಲವಾಗುತ್ತ ಬಂದಿತ್ತೆಂಬುದನ್ನು ಬರೆಯುವಾಗ ನನಗೆ ದುಃಖವಾಗುತ್ತದೆ. ಕಾರಣಗಳಲ್ಲಿ ಒಂದು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಮಹಶೀರ್ ಕಡಿಮೆಯಾಗುತ್ತಿದೆಯೆಂದು ಕಳವಳಗೊಂಡವರು, ಮಹಾರಾಷ್ಟ್ರದ ಲೋಣಾವಳದಲ್ಲಿ ಕೃತಕವಾಗಿ ಮರಿ ಮಾಡಿಸಿದ ನೀಲಿರೆಕ್ಕೆಯ ಮಹಶೀರನ್ನು ಕಾವೇರಿಗೆ ತಂದು ಬಿಟ್ಟರು. ಅದು ಹೆಚ್ಚಿತು, ಗೂನುಬೆನ್ನಿನದು ಕುಸಿಯಿತು. ಇದು ತಿಳಿದುಬಂದದ್ದು ಹೇಗೆಂಬುದು ಗಾಳದವರೆಲ್ಲ ನೆನಪಿಡಬೇಕಾದ ಸಂಗತಿ: ಕೆಳಗಿನ ಕಾವೇರಿಯ ಗಾಳಿಬೋರೆ ಶಿಬಿರದಲ್ಲಿ ಗಾಳ ಹಾಕಿದವರು 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನಿನ ಜಾತಿ, ತೂಕಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಸಂಶೋಧಕರು ಆ ಪುಸ್ತಕಗಳನ್ನು ಕೂಡಿಸಿ ನೋಡಿದಾಗ ಒಂದು ಜಾತಿ ಏರುತ್ತ ಇನ್ನೊಂದು ಇಳಿಯುತ್ತ ಹೋದ ಚಿತ್ರ ಎದುರಿಗೆ ಬಂತು.

ಕೊಡಗಿನಲ್ಲಿ ವಾಲ್ನೂರು-ತ್ಯಾಗತ್ತೂರಿನ ಬಳಿ ಕಾವೇರಿಯ ಒಂದು ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಮಹಶೀರ್‌ಗಾಗಿ ಕಾಯ್ದುಕೊಂಡು ಬಂದದ್ದು, ಅಲ್ಲಿ ಅನುಮತಿ ಪಡೆದು ಗಾಳ ಹಾಕಿದವರು ಹಿಡಿದ ಮೀನನ್ನು ತಿರುಗಿ ಬಿಡಬೇಕೆಂಬ ನಿಯಮ ಮಾಡಿದ್ದು ಗೌರವಿಸಬೇಕಾದ ಕೆಲಸ. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಉತ್ಪಾದನಾ ಕೇಂದ್ರವೂ ಇದೆ. ಮರಿ ಮಾಡುವುದು ಬೇಕು. ಆದರೆ ಮಹಶೀರ್ ಒಂದು ಕಿಲೋ ತೂಕಕ್ಕೆ ಇಡುವುದು ಕೆಲವೇ ಸಾವಿರ ಮೊಟ್ಟೆ. ರೋಹುವಿನಂತೆ ಲಕ್ಷದ ಲೆಕ್ಕವಿಲ್ಲ. ಆ ಮೊಟ್ಟೆ ಭಾರವಾದದ್ದು, ತೇಲುವುದಿಲ್ಲ, ಮೇಲ್ಹೊಳೆಯ ಜಲ್ಲಿಕಲ್ಲಿನ ಸಂದಿಗೆ ಇಳಿದು ಅಲ್ಲಿಯೇ ಒಡೆಯಬೇಕು. ಕಲ್ಲಿನ ನಡುವೆ ತಣ್ಣನೆಯ ತಿಳಿನೀರು ಹರಿಯುತ್ತಿದ್ದರೆ ಮರಿ, ಆ ಸಂದಿಯನ್ನು ಮಣ್ಣು ತುಂಬಿದರೆ ಏನೂ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳೇ ಜಾರಿ ಹೊಳೆಗೆ ಬಂದವು. ಮನುಷ್ಯರ ಸಾವುನೋವು, ಕಳೆದುಹೋದ ಮನೆಗಳ ಮುಂದೆ ಮೀನಿನ ಮಾತೆತ್ತಲು ಆಗ ಯಾರಿಗೂ ಮನಸ್ಸಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಆ ಮಣ್ಣು ಕೆಳಗೆ ಹಾರಂಗಿಯಲ್ಲಿ ಹೂಳಾಗಿ ಕೂತಿತು, ಮೇಲೆ ಹೊಳೆಯ ಕಲ್ಲುಗಳ ನಡುವೆಯೂ ಕೂತಿತು. ಹೂಳೆತ್ತುವ ಚರ್ಚೆ ನಡೆದದ್ದು ಜಲಾಶಯದ ಬಗ್ಗೆ. ಮೇಲಿನ ಹೊಳೆಯ ಕಲ್ಲುಹಾಸನ್ನು ತೊಳೆಯುವ ಕೆಲಸ ಮಳೆಗೇ ಬಿಟ್ಟದ್ದು, ಅದಕ್ಕೆ ವರ್ಷಗಳು ಬೇಕು.

ಮಳೆ ತೊಳೆಯಬಲ್ಲದ್ದನ್ನು ನಾವು ಬೇಸಿಗೆಯಲ್ಲಿ ಮತ್ತೆ ಕೆಡಿಸುತ್ತೇವೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ, ಲೋಳೆ ತೆಗೆದ ನೀರು ಹುಳಿಯಾಗಿ, ಸಕ್ಕರೆಯ ಅಂಶ ತುಂಬಿಕೊಂಡಿರುತ್ತದೆ. ಅದು ತೋಡಿಗೆ ಸೇರಿದರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹೊಳೆ ತೆಳುವಾಗುತ್ತ ಹೋಗುವ ಕಾಲವಾದ್ದರಿಂದ ತೊಳೆದು ಒಯ್ಯುವಷ್ಟು ಹರಿವೂ ಇರುವುದಿಲ್ಲ. ಕಪ್ಪಾದ ನೀರು, ಹುಳಿ ನಾತ, ಬೆಳಗಿನ ಜಾವ ಬಾಯ್ತೆರೆದು ಮೇಲ್ಮೈಗೆ ಬರುವ ಮೀನು; ಇದನ್ನು ಮೊದಲು ಕಾಣುವವನು ಗಾಳದವನೇ. ಹೊಂಡ ತೋಡಿ, ಸುಣ್ಣ ಹಾಕಿ, ಆ ನೀರನ್ನು ಇಂಗಿಸಿಯೋ ಶುದ್ಧಿ ಮಾಡಿಯೋ ಬಿಡುವ ತೋಟಗಳು ನಮ್ಮಲ್ಲಿ ಬೇಕಾದಷ್ಟಿವೆ, ಮತ್ತು ಆ ತೋಟಗಳ ಕೆಳಗಿನ ತೋಡಿನಲ್ಲಿ ಜನವರಿಯಲ್ಲಿಯೂ ಏಡಿ ಇರುತ್ತದೆ. ಕಾನೂನಿನ ಭಯಕ್ಕಿಂತ ಈ ಏಡಿಯನ್ನು ಒಮ್ಮೆ ಕಣ್ಣಾರೆ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆಂದು ನನಗೆ ಅನಿಸಿದೆ.

ತೋಟೆ ಹಾಕುವವರ ಬಗ್ಗೆ, ಬ್ಲೀಚಿಂಗ್ ಪುಡಿ, ಮೈಲುತುತ್ತ ಸುರಿಯುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ಈ ದೇಶದ ಕಾನೂನು 1897ರಲ್ಲಿಯೇ ನಿಷೇಧಿಸಿದೆ. ಒಂದು ತೋಟೆಗೆ ಮಡುವಿನ ದೊಡ್ಡ ಮೀನು, ಮರಿ, ಹುಳು ಎಲ್ಲವೂ ಸಾಯುತ್ತವೆ; ಮೇಲೆ ತೇಲುವುದು ಅದರಲ್ಲಿ ಸ್ವಲ್ಪ ಮಾತ್ರ, ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಅದನ್ನು ಮಾಡುವವರು ಯಾರೆಂದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಹೇಳುವವರಿಲ್ಲ. ಹೇಳಬೇಕು.

ಉಳಿದದ್ದು ಎಲ್ಲಕ್ಕಿಂತ ಕಷ್ಟದ ವಿಷಯ, ಏಕೆಂದರೆ ಅದರಲ್ಲಿ ಕೆಟ್ಟವರು ಯಾರೂ ಇಲ್ಲ. ಮಾರ್ಚ್‌ನಲ್ಲಿ ಹೊಳೆ ಹರಿಯುವುದನ್ನು ನಿಲ್ಲಿಸಿ ಮಡುಮಡುವಾಗಿ ಉಳಿದಾಗ, ಆ ವರ್ಷದ ಮೀನೆಲ್ಲ ಆ ಮಡುಗಳಲ್ಲಿ ಸೇರಿಕೊಂಡಿರುತ್ತದೆ. ಮಹಶೀರ್ ಮರಿ, ಕಲ್ಲಿಗೆ ಅಂಟಿ ಬದುಕುವ ಸಣ್ಣ ಜಾತಿಗಳು, ಬಾಳೆಮೀನು, ಅವುಗಳನ್ನು ನಂಬಿದ ನೀರುನಾಯಿ, ಎಲ್ಲಕ್ಕೂ ಜೂನ್‌ವರೆಗೆ ಅದೇ ಆಸರೆ. ರೊಬಸ್ಟಾದ ಹೂವಿಗೆ ನೀರು ಬೇಕಾದದ್ದೂ ಅದೇ ವಾರಗಳಲ್ಲಿ. ಹೂ ಅರಳಿಸಲು ಒಮ್ಮೆ, ಎರಡು-ಮೂರು ವಾರ ಕಳೆದು ಮತ್ತೊಮ್ಮೆ ನೀರು ಕೊಡದಿದ್ದರೆ ಒಂದು ಇಡೀ ವರ್ಷದ ಫಸಲು ಹೋಗುತ್ತದೆ. ತೋಟದ ಸಾಲ, ಕೂಲಿ, ಮಕ್ಕಳ ಶುಲ್ಕ ಎಲ್ಲ ಆ ಹೂವಿನ ಮೇಲೆ ನಿಂತಿರುತ್ತದೆ. ಪಂಪ್ ಇಡಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಮಡುವಿನ ಕೊನೆಯ ಮೊಣಕಾಲುದ್ದದ ನೀರಿನಿಂದ ತೋಟಕ್ಕೆ ಸಿಗುವುದು ಕೆಲವು ಗಂಟೆಗಳ ಸ್ಪ್ರಿಂಕ್ಲರ್ ಅಷ್ಟೇ, ಮೀನಿಗೆ ಅದು ಮುಂದಿನ ಮಳೆಗಾಲವೇ ಆಗಿರುತ್ತದೆ. ತೋಟದ ಕೆರೆಯನ್ನು ಮಳೆಗಾಲದಲ್ಲಿಯೇ ತುಂಬಿಸಿಕೊಂಡವರು ಮಾರ್ಚ್‌ನಲ್ಲಿ ಹೊಳೆಗೆ ಪೈಪು ಇಳಿಸುವ ಅಗತ್ಯವೇ ಬೀಳದಿರುವುದನ್ನೂ ಕಂಡಿದ್ದೇನೆ. ಆ ಕೆರೆಯಲ್ಲಿ ಕಾಟ್ಲಾ, ಗೆಂಡೆ ಬಿಟ್ಟರೆ ಮನೆಯ ಸಾರಿಗೂ ಹೊಳೆಯ ಕಡೆ ನೋಡಬೇಕಾಗಿಲ್ಲ. ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಹಾಕಿ ಕುದಿಸಿದ ಗೆಂಡೆಯ ಸಾರು ಹೊಳೆಮೀನಿನ ರುಚಿಗೆ ಸಮವಲ್ಲವೆಂಬ ಹಿರಿಯರ ಮಾತನ್ನು ಒಪ್ಪುತ್ತೇನೆ; ಆದರೂ ನಾನು ಗೆಂಡೆಯನ್ನೇ ತರುತ್ತೇನೆ.

ಹಿನ್ನೀರಿನಲ್ಲಿ ಗೆಂಡೆಗೆಂದು ಹಾಕಿದ ಗಾಳಕ್ಕೆ ಒಮ್ಮೊಮ್ಮೆ ಮಹಶೀರ್ ಬೀಳುವುದುಂಟು. ಆಗ ಮಾಡಬೇಕಾದದ್ದು ಇಷ್ಟು: ಬಹಳ ಹೊತ್ತು ಆಡಿಸದೆ ದಡಕ್ಕೆ ತನ್ನಿ, ಕೈಯನ್ನು ಒದ್ದೆ ಮಾಡಿಕೊಳ್ಳದೆ ಮುಟ್ಟಬೇಡಿ, ಒಣಗೈ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ, ಮೀನು ನೀರಿನಲ್ಲಿರುವಾಗಲೇ ಗಾಳ ಬಿಡಿಸಿ, ನುಂಗಿದ್ದರೆ ತಂಗೂಸಿಯನ್ನು ಬಾಯಿಯ ಹತ್ತಿರ ಕತ್ತರಿಸಿ, ತಲೆಯನ್ನು ಹರಿವು ಬರುವ ದಿಕ್ಕಿಗೆ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಆಸರೆ ಕೊಡಿ. ಗಾಳದ ಹಿಂಮುಳ್ಳನ್ನು ಮನೆಯಲ್ಲಿಯೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡು ಹೋದರೆ ಈ ಕೆಲಸವೆಲ್ಲ ಅರ್ಧಕ್ಕರ್ಧ ಸುಲಭವಾಗುತ್ತದೆ. ರೆಕ್ಕೆಯ ಬಣ್ಣ ನೀಲಿಯೋ ಕಿತ್ತಳೆಯೋ ನೋಡಿ, ದಿನಾಂಕ, ಜಾಗ, ಅಂದಾಜು ಉದ್ದವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗಾಳಿಬೋರೆಯಲ್ಲಿ ಉಪಯೋಗಕ್ಕೆ ಬಂದದ್ದು ಇಂತಹ ಸಾಲುಗಳೇ, ಮತ್ತು ಹಾರಂಗಿ, ಚಿಕ್ಲಿಹೊಳೆ ಹಿನ್ನೀರಿಗೆ ಇಳಿಯುವ ತೋಡುಗಳ ಬಗ್ಗೆ ಅಂತಹ ಸಾಲುಗಳನ್ನು ಬರೆಯಬಲ್ಲವರು ವರ್ಷವಿಡೀ ಆ ದಡದಲ್ಲಿ ಕೂರುವ ನಾವೇ.

ನಮ್ಮ ಮನೆಯ ಕೆಳಗಿನ ತೋಡಿನುದ್ದಕ್ಕೂ ಇರುವ ತೋಟದವರೊಡನೆ ಈ ಸಲ ಹೂವಿನ ಕಾಲಕ್ಕೆ ಮೊದಲೇ ಕೂತು ಮಾತನಾಡಬೇಕೆಂದಿದ್ದೇನೆ. ಯಾವ ಮಡುವಿಗೆ ಯಾವ ವಾರ ಪಂಪ್ ಇಳಿಸುವುದು, ಎಷ್ಟು ನೀ‌ರು ಉಳಿಸುವುದು, ಯಾವ ಎರಡು ಮಡುಗಳನ್ನು ಯಾರೂ ಮುಟ್ಟದೆ ಬಿಡುವುದು ಎಂದು ಸರದಿ ಹಾಕಿಕೊಳ್ಳುವುದು ಸಾಧ್ಯವೇ ಎಂದು ಕೇಳುತ್ತೇನೆ. ಹಿರಿಯರಿಬ್ಬರು ಈಗಾಗಲೇ ಆಗಬಹುದು ಎಂದಿದ್ದಾರೆ. ಮೇಲಿನ ತೋಟದವರು ಮಳೆ ಹೇಗಿರುತ್ತದೆಂದು ನೋಡಿ ಹೇಳುತ್ತೇವೆ ಎಂದಿದ್ದಾರೆ.